ಸ್ಟರ್ನ್‌ಡ್ರೈವ್ ಮತ್ತೆ ಕೂರಿಸಿದ ಮೇಲೆ ಏನಾದರೂ ಕೆಟ್ಟರೆ: ಮನೆ ಶೆಡ್ಡಿನಲ್ಲಿ ದೋಷ ಹುಡುಕುವ ಕೈಪಿಡಿ

ತುಮಕೂರಿನಂಥ ಬಯಲುಸೀಮೆಯ ಊರಿನಲ್ಲಿ ಸ್ಟರ್ನ್‌ಡ್ರೈವ್ ಬೋಟು ಇಟ್ಟುಕೊಂಡವರು ಬೆರಳೆಣಿಕೆಯಷ್ಟು. ಸ್ಟರ್ನ್‌ಡ್ರೈವ್ ಎಂದರೆ ಎಂಜಿನ್ ದೋಣಿಯೊಳಗೆ, ಪ್ರೊಪೆಲ್ಲರ್ ತಿರುಗಿಸುವ ಡ್ರೈವ್ ದೋಣಿಯ ಹಿಂಬದಿಯ ಹೊರಗೆ ಇರುವ ಜೋಡಣೆ. ಅದನ್ನು ಬಲ್ಲ ಮೆಕ್ಯಾನಿಕ್ ಬೇಕೆಂದರೆ ಕರಾವಳಿಯ ಕಡೆ ಮುಖ ಮಾಡಬೇಕು. ಹಾಗಾಗಿ ನೀರು ಒಳಬರದಂತೆ ತಡೆಯುವ ಮಡಿಕೆ ಮಡಿಕೆಯ ರಬ್ಬರ್ ಬೆಲ್ಲೋಸ್ ಸೀಳಿದಾಗ, ಡ್ರೈವ್ ಶಾಫ್ಟಿಗೆ ಆಸರೆಯಾದ ಗಿಂಬಲ್ ಬೇರಿಂಗ್ ಸದ್ದು ಮಾಡಿದಾಗ ಹೆಚ್ಚಿನವರು ಮನೆಯಂಗಳದಲ್ಲೇ ಡ್ರೈವ್ ಇಳಿಸುತ್ತಾರೆ. ಇಳಿಸುವುದು ಅರ್ಧ ದಿನದ ಕೆಲಸ, ಟ್ರಾಕ್ಟರ್ ಗೇರ್‌ಬಾಕ್ಸ್ ಬಿಚ್ಚಿದ ಕೈಗೆ ಅದು ಕಷ್ಟವೇ ಅಲ್ಲ. ತಕರಾರು ಶುರುವಾಗುವುದು ತಿರುಗಿ ಕೂರಿಸಿದ ಮೇಲೆ. ಹಾಗೆ ಬರುವ ದೋಷಗಳಲ್ಲಿ ಬಹುಪಾಲು ಡ್ರೈವ್ ಒಳಗಿನ ಗೇರುಗಳದ್ದಲ್ಲ. ಡ್ರೈವ್ ಮತ್ತು ದೋಣಿ ಸೇರುವ ಜಾಗದಲ್ಲಿ ನಾವೇ ಕೈಯಾಡಿಸಿದ ಭಾಗಗಳದ್ದು. ಆದ್ದರಿಂದ ಗೇರ್‌ಕೇಸ್ ತೆಗೆಯುವ ಮೊದಲು ಆ ಜಾಗವನ್ನೇ ತಪಾಸಣೆ ಮಾಡಿ.

ಇಲ್ಲಿ ಹೇಳುತ್ತಿರುವುದು ಮರ್ಕ್ರೂಸರ್ ಆಲ್ಫಾ ಒನ್ ಎರಡನೇ ತಲೆಮಾರಿನ ಡ್ರೈವ್ ಬಗ್ಗೆ. 1991ರಿಂದ ಬಂದದ್ದು ಇದು. ಅದೇ ಕಂಪನಿಯ ಬ್ರಾವೋ ಡ್ರೈವ್ ಎಲ್ಲಿ ಬೇರೆಯಾಗುತ್ತದೋ ಅಲ್ಲಿ ಹೇಳಿದ್ದೇವೆ. ಇನ್ನೊಂದು ಕಂಪನಿಯಾದ ವೋಲ್ವೋ ಪೆಂಟಾದ ಡ್ರೈವ್ ರಚನೆಯೇ ಬೇರೆ, ಅದಕ್ಕೆ ಈ ಅಳತೆಗಳನ್ನು ಹಾಕಬೇಡಿ.

ಯಾವುದು ಯಾವಾಗ ತಿರುಗುತ್ತದೆ

ದೋಷ ಹುಡುಕುವ ಕೀಲಿಕೈ ಇದೇ. ಎಂಜಿನ್ನಿನ ಹಿಂದೆ ಫ್ಲೈವೀಲ್‌ಗೆ ಕಪ್ಲರ್ ಕಟ್ಟಿರುತ್ತದೆ. ಕಪ್ಲರ್ ಎಂದರೆ ನಡುವೆ ರಬ್ಬರ್ ಇರುವ, ಒಳಗೆ ಸ್ಪ್ಲೈನ್ ಹಲ್ಲು ಕೊರೆದಿರುವ ಬುಷ್. ಡ್ರೈವ್‌ನ ಇನ್‌ಪುಟ್ ಶಾಫ್ಟ್ ಟ್ರಾನ್ಸಮ್ (ದೋಣಿಯ ಹಿಂಗೋಡೆ) ದಾಟಿ, ಗಿಂಬಲ್ ಬೇರಿಂಗ್ ಒಳಗಿನಿಂದ ಹಾದು ಈ ಕಪ್ಲರ್‌ಗೆ ಸಿಕ್ಕುತ್ತದೆ. ಶಾಫ್ಟ್‌ನ ಹೊರತುದಿಯಲ್ಲಿ ಎರಡು ಯು-ಜಾಯಿಂಟ್ ಕ್ರಾಸ್ ಇವೆ, ಅವನ್ನು ಮುಚ್ಚಿರುವುದು ಬೆಲ್ಲೋಸ್.

ಆಲ್ಫಾದಲ್ಲಿ ಗೇರ್ ಬದಲಿಸುವ ಡಾಗ್ ಕ್ಲಚ್ (ಹಲ್ಲಿಗೆ ಹಲ್ಲು ಕಚ್ಚಿ ಹಿಡಿಯುವ ಕ್ಲಚ್) ಇರುವುದು ಕೆಳಗೆ, ಪ್ರೊಪೆಲ್ಲರ್ ಶಾಫ್ಟಿನಲ್ಲಿ. ಅಂದರೆ ಎಂಜಿನ್ ಓಡುತ್ತಿದ್ದರೆ ನ್ಯೂಟ್ರಲ್‌ನಲ್ಲೂ ಕಪ್ಲರ್, ಗಿಂಬಲ್ ಬೇರಿಂಗ್, ಯು-ಜಾಯಿಂಟ್, ಮೇಲಿನ ಗೇರುಗಳು, ಲಂಬ ಶಾಫ್ಟ್, ನೀರಿನ ಪಂಪು ಎಲ್ಲವೂ ತಿರುಗುತ್ತಲೇ ಇರುತ್ತವೆ. ನಿಂತಿರುವುದು ಪ್ರೊಪೆಲ್ಲರ್ ಶಾಫ್ಟ್ ಮಾತ್ರ. ನ್ಯೂಟ್ರಲ್‌ನಲ್ಲೇ ಸದ್ದು ಇದ್ದರೆ ಪ್ರೊಪೆಲ್ಲರ್ ಶಾಫ್ಟ್ ಬೇರಿಂಗನ್ನು ದೂರಬೇಡಿ. ಗೇರ್ ಹಾಕಿದಾಗ ಮಾತ್ರ ಸದ್ದು ಬಂದರೆ ಗಿಂಬಲ್ ಬೇರಿಂಗ್ ಬದಲಿಸಲು ಹಣ ಹಾಕಬೇಡಿ.

ಡ್ರೈವ್ ಪೂರ್ತಿ ಒಳಗೆ ಹೋಗುತ್ತಿಲ್ಲ

ಮೊದಲ ಮಾತು: ಬೆಲ್ ಹೌಸಿಂಗ್‌ನ (ದೋಣಿಯ ಕಡೆ ಡ್ರೈವ್ ಬಂದು ಕೂರುವ ಭಾಗ) 6 ಸ್ಟಡ್‌ಗಳಿಗೆ ನಟ್ಟು ಹಾಕಿ ಡ್ರೈವನ್ನು ಎಳೆದುಕೊಳ್ಳಬೇಡಿ. ಡ್ರೈವ್ ಕೈಯೊತ್ತಿಗೇ ಹೋಗಿ ಕೂರಬೇಕು, ನಟ್ಟಿನ ಕೆಲಸ ಗ್ಯಾಸ್ಕೆಟ್ ಒತ್ತುವುದಷ್ಟೇ. ನಟ್ಟಿನಿಂದ ಎಳೆದರೆ ಸ್ಪ್ಲೈನ್ ತುದಿ ಮೊಂಡಾಗುತ್ತದೆ, ಶಾಫ್ಟಿನ ಓ-ರಿಂಗ್ ಕತ್ತರಿಸುತ್ತದೆ, ಶಿಫ್ಟ್ ದವಡೆ (ಗೇರ್ ಲಿವರಿನ ಚಲನೆಯನ್ನು ಡ್ರೈವ್‌ಗೆ ದಾಟಿಸುವ ಕೊಂಡಿ) ಬಾಗುತ್ತದೆ, ಕೆಲವೊಮ್ಮೆ ಅಲ್ಯೂಮಿನಿಯಂ ಹೌಸಿಂಗೇ ಬಿರುಕು ಬಿಡುತ್ತದೆ. ಈ ನಾಲ್ಕರಲ್ಲಿ ಯಾವುದೂ ಆಗಲೇ ಗೊತ್ತಾಗುವುದಿಲ್ಲ. ಗೊತ್ತಾಗುವುದು ಕೆರೆಯ ನಡುವೆ.

ಎಲ್ಲಿ ನಿಂತಿದೆ ಎಂಬುದನ್ನು ನೋಡಿ ಕಾರಣ ಊಹಿಸಬಹುದು.

ಶಾಫ್ಟ್ ಗಿಂಬಲ್ ಬೇರಿಂಗ್ ಬಾಯಿಗೇ ತಡೆದರೆ ಬೇರಿಂಗ್ ಓರೆಯಾಗಿದೆ. ಅದರ ಹೊರ ಸುತ್ತು ಗುಂಡಗಿರುವುದರಿಂದ ತನ್ನ ಗೂಡಿನಲ್ಲಿ ಯಾವ ಕಡೆಗಾದರೂ ವಾಲುತ್ತದೆ. ಅಲೈನ್‌ಮೆಂಟ್ ಬಾರ್ (ಇನ್‌ಪುಟ್ ಶಾಫ್ಟಿನಂತೆಯೇ ಸ್ಪ್ಲೈನ್ ತುದಿಯಿರುವ ನೇರ ಕಂಬಿ) ತೂರಿಸಿ, ಹೊರತುದಿಗೆ ರಬ್ಬರ್ ಸುತ್ತಿಗೆಯಿಂದ ಮೇಲೆ, ಕೆಳಗೆ, ಎಡ, ಬಲ ಹಗುರವಾಗಿ ತಟ್ಟಿ ನೇರ ಮಾಡಬೇಕು.

ಶಾಫ್ಟ್ ಬೇರಿಂಗ್ ದಾಟಿ, ಇನ್ನು ಒಂದೆರಡು ಇಂಚು ಉಳಿದಾಗ ಗಟ್ಟಿ ತಡೆ ಸಿಕ್ಕರೆ ಸ್ಪ್ಲೈನ್ ಹಲ್ಲುಗಳು ಎದುರು ಬದುರಾಗಿವೆ. ಆಲ್ಫಾವನ್ನು ಫಾರ್ವರ್ಡ್ ಗೇರಿನಲ್ಲಿಟ್ಟು ಕೂರಿಸಬೇಕು ಎನ್ನುವುದಕ್ಕೆ ಒಂದು ಕಾರಣ ಇದೇ. ಫಾರ್ವರ್ಡ್‌ನಲ್ಲಿದ್ದಾಗ ಪ್ರೊಪೆಲ್ಲರ್ ಶಾಫ್ಟನ್ನು ಹಿಂದಿನಿಂದ ನೋಡಿ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಿದರೆ ಇನ್‌ಪುಟ್ ಶಾಫ್ಟೂ ತಿರುಗುತ್ತದೆ. ಒಬ್ಬರು ಡ್ರೈವನ್ನು ಸಮವಾಗಿ ಒತ್ತಿ ಹಿಡಿದಿರಲಿ, ಇನ್ನೊಬ್ಬರು ನಿಧಾನಕ್ಕೆ ತಿರುಗಿಸಲಿ. ಹಲ್ಲು ಸಿಕ್ಕ ತಕ್ಷಣ ಡ್ರೈವ್ ತಾನಾಗಿ ಮುಂದೆ ಸರಿಯುತ್ತದೆ.

ಹಲ್ಲು ಸಿಕ್ಕಿದೆ, ಆದರೂ ಅರ್ಧ ಇಂಚಿನಷ್ಟು ಸಂದು ಉಳಿದಿದೆ ಎಂದರೆ ಶಿಫ್ಟ್ ದವಡೆ ನೋಡಿ. ದೋಣಿಯೊಳಗಿನ ಲಿವರ್ ಪೂರ್ತಿ ಫಾರ್ವರ್ಡ್‌ನಲ್ಲಿ, ಡ್ರೈವ್‌ನ ಶಿಫ್ಟ್ ಶಾಫ್ಟ್ ಕೂಡ ಫಾರ್ವರ್ಡ್‌ನಲ್ಲಿ ಇರಬೇಕು. ಎರಡರಲ್ಲಿ ಒಂದು ನ್ಯೂಟ್ರಲ್‌ಗೆ ಜಾರಿದ್ದರೆ ದವಡೆಯೂ ಅದರೊಳಗೆ ಕೂರಬೇಕಾದ ತುದಿಯೂ ಒಂದಕ್ಕೊಂದು ಗುದ್ದುತ್ತವೆ. ಬ್ರಾವೋದಲ್ಲಿ ಮಾತ್ರ ಇದು ತಿರುಗುಮುರುಗು: ಅದನ್ನು ನ್ಯೂಟ್ರಲ್‌ನಲ್ಲಿಟ್ಟೇ ತೆಗೆಯಬೇಕು, ನ್ಯೂಟ್ರಲ್‌ನಲ್ಲಿಟ್ಟೇ ಹಾಕಬೇಕು. ಎರಡನ್ನೂ ಬಲ್ಲವರೇ ಇಲ್ಲಿ ಒಮ್ಮೊಮ್ಮೆ ಎಡವುತ್ತಾರೆ.

ಇವೆಲ್ಲ ಸರಿ ಇದ್ದೂ ಬಿಗಿಯಾಗಿಯೇ ಹೋಗುತ್ತಿದ್ದರೆ ಎಂಜಿನ್ ಅಲೈನ್‌ಮೆಂಟ್ ತಪ್ಪಿದೆ, ಅಂದರೆ ಕಪ್ಲರ್ ಮತ್ತು ಗಿಂಬಲ್ ಬೇರಿಂಗ್ ಒಂದೇ ಗೆರೆಯಲ್ಲಿಲ್ಲ.

ಅಲೈನ್‌ಮೆಂಟ್: ಬಿಟ್ಟರೆ ಕಪ್ಲರ್ ಹೋಯಿತು

ಬೇರಿಂಗ್ ಹೊಸದು ಹಾಕಿದಾಗ, ಎಂಜಿನ್ ಮೌಂಟ್ ಮುಟ್ಟಿದಾಗ, ಇಲ್ಲವೇ ದೋಣಿ ವರ್ಷಗಟ್ಟಲೆ ಟ್ರೇಲರ್ ಮೇಲೆ ನಿಂತಿದ್ದಾಗ ಇದನ್ನು ಮಾಡಲೇಬೇಕು. ಮೊದಲು ದೋಣಿ ಟ್ರೇಲರ್ ಮೇಲೆ ಸರಿಯಾಗಿ ಕೂತಿದೆಯೇ ನೋಡಿ. ಟ್ರಾನ್ಸಮ್ ಕೆಳಗೆ ಆಸರೆಯಿಲ್ಲದೆ ಹಿಂಭಾಗ ಜೋಲುತ್ತಿದ್ದರೆ ಫೈಬರ್ ಒಡಲು ಸ್ವಲ್ಪ ಬಾಗುತ್ತದೆ. ಆ ಸ್ಥಿತಿಯಲ್ಲಿ ಮಾಡಿದ ಅಲೈನ್‌ಮೆಂಟ್ ನೀರಿಗಿಳಿದ ಮೇಲೆ ಉಳಿಯುವುದಿಲ್ಲ.

ಬಾರ್ ತುದಿಯ ಸ್ಪ್ಲೈನಿಗೆ ತೆಳುವಾಗಿ ಗ್ರೀಸ್ ಸವರಿ. ಗಿಂಬಲ್ ಬೇರಿಂಗ್ ಮೂಲಕ ಕಪ್ಲರ್ ಒಳಗೆ ನೇರ ತೂರಿಸಿ, ತಿರುಗಿಸದೆ ನೇರ ಹೊರಗೆ ತೆಗೆಯಿರಿ. ಎರಡು ಬೆರಳಿನ ಬಲಕ್ಕೆ ಹೋಗಿ ಬರಬೇಕು. ಗ್ರೀಸ್ ಮೇಲೆ ಮೂಡಿದ ಹಲ್ಲಿನ ಗುರುತು ಸುತ್ತಲೂ ಒಂದೇ ತೆರನಾಗಿದ್ದರೆ ಸರಿ. ಮೇಲೆ ಮಾತ್ರ ಅಥವಾ ಕೆಳಗೆ ಮಾತ್ರ ಗ್ರೀಸ್ ಉಜ್ಜಿಹೋಗಿದ್ದರೆ ಎಂಜಿನ್ನಿನ ಮುಂದಿನ ಎರಡು ಮೌಂಟ್‌ಗಳನ್ನು ಸರಿಪಡಿಸಬೇಕು. ಲಾಕ್ ನಟ್ಟು ಸಡಿಲಿಸಿ, ಎರಡೂ ಬದಿಯ ಅಡ್ಜಸ್ಟಿಂಗ್ ನಟ್ಟನ್ನು ಒಂದೇ ದಿಕ್ಕಿಗೆ ಸಮವಾಗಿ ಅರ್ಧ ಸುತ್ತು ತಿರುಗಿಸಿ. ಮತ್ತೆ ಗ್ರೀಸ್, ಮತ್ತೆ ಬಾರ್. ಗುರುತು ಇನ್ನೂ ಕೆಟ್ಟರೆ ಎದುರು ದಿಕ್ಕಿಗೆ ಹೋಗಿ. ಮೌಂಟ್ ಮುಟ್ಟಿದ ಪ್ರತಿ ಸಲವೂ ಗಿಂಬಲ್ ಬೇರಿಂಗನ್ನು ತಟ್ಟಿ ನೇರ ಮಾಡಿಕೊಂಡೇ ಬಾರ್ ಹಾಕಬೇಕು, ಇಲ್ಲದಿದ್ದರೆ ಓರೆಯಾದ ಬೇರಿಂಗನ್ನೇ ಅಳೆಯುತ್ತಿರುತ್ತೀರಿ. ಕೊನೆಯಲ್ಲಿ ಲಾಕ್ ನಟ್ಟು ಬಿಗಿ ಮಾಡಿ ಇನ್ನೊಂದು ಸಲ ಬಾರ್ ತೂರಿಸಿ ನೋಡಿ. ಬಿಗಿ ಮಾಡುವಾಗ ಮೌಂಟ್ ಕದಲುವುದು ಸಾಮಾನ್ಯ.

ಬಾರ್ ದುಬಾರಿ ಎಂದು ಹಳೆ ಶಾಫ್ಟಿನ ಸ್ಪ್ಲೈನ್ ತುದಿ ಕತ್ತರಿಸಿ, ರಾಡಿಗೆ ವೆಲ್ಡ್ ಹೊಡೆಸಿ ಬಾರ್ ಮಾಡಿಕೊಳ್ಳುವವರಿದ್ದಾರೆ. ವೆಲ್ಡಿಂಗ್ ಬಿಸಿಗೆ ಅದು ಬಾಗಿರುತ್ತದೆ. ಲೇತಿಗೆ ಕಟ್ಟಿ, ಡಯಲ್ ಗೇಜ್ ಇಟ್ಟು ನೋಡಿ ಓಟ (ತಿರುಗುವಾಗ ಆಚೀಚೆ ಓಲಾಡುವುದು) ಇಲ್ಲ ಎಂದು ಖಾತ್ರಿಯಾಗದೆ ಅಂಥ ಬಾರನ್ನು ನಂಬಬೇಡಿ. ನಮ್ಮ ಮಟ್ಟಿಗೆ ಈ ಕೆಲಸದಲ್ಲಿ ಕೊಳ್ಳಲೇಬೇಕಾದ ಸಾಧನ ಎಂದರೆ ಅಸಲಿ ಅಲೈನ್‌ಮೆಂಟ್ ಬಾರ್ ಒಂದೇ.

ಕೂರಿಸುವ ಕೆಲಸ, ಚಿಕ್ಕದಾಗಿ

ಬಾರ್ ಸರಿ ಕೂತ ಮೇಲೆ ಉಳಿದದ್ದು ಸರಾಗ. ಇನ್‌ಪುಟ್ ಶಾಫ್ಟಿಗೆ ಹೊಸ ಓ-ರಿಂಗ್ ಹಾಕಿ ಗ್ರೀಸ್ ಸವರಿ. ಸ್ಪ್ಲೈನಿಗೆ ಕಪ್ಲರ್ ಗ್ರೀಸ್ ಹಚ್ಚಿ. ಬೆಲ್ ಹೌಸಿಂಗ್ ಮುಖದಲ್ಲಿ ಹಳೆ ಗ್ಯಾಸ್ಕೆಟ್ಟಿನ ಚೂರು ಉಳಿಯಬಾರದು, ಆದರೆ ಅಲ್ಯೂಮಿನಿಯಂ ಮುಖವನ್ನು ಹ್ಯಾಕ್ಸಾ ಬ್ಲೇಡಿನಿಂದ ಕೆರೆಯಬೇಡಿ. ಹೊಸ ಗ್ಯಾಸ್ಕೆಟ್ ಜೊತೆಗೆ ನೀರಿನ ದಾರಿಯ ರಬ್ಬರ್ ಸೀಲ್ ತನ್ನ ತೋಡಿನಲ್ಲೇ ಕೂತಿದೆಯೇ ನೋಡಿಕೊಳ್ಳಿ. ಕಾರ್ಕ್ ಹಾಳೆ ಕತ್ತರಿಸಿ ಮಾಡಿದ ಗ್ಯಾಸ್ಕೆಟ್ ಮತ್ತು ಸುತ್ತಲೂ ಮೆತ್ತಿದ ಸಿಲಿಕಾನ್, ಎರಡೂ ಬೇಡ. ಹಿಂಡಿದ ಸಿಲಿಕಾನ್ ನೀರಿನ ದಾರಿಗೆ ಇಳಿದು ಎಂಜಿನ್ ಬಿಸಿಯಾಗಿಸುತ್ತದೆ.

ಆಲ್ಫಾ ಡ್ರೈವ್ ಸುಮಾರು 50 ಕಿಲೋ ತೂಗುತ್ತದೆ, ಬ್ರಾವೋ ಇನ್ನೂ ಭಾರ. ಶೆಡ್ಡಿನ ತೊಲೆಗೆ ಕಟ್ಟಿದ ಚೈನ್ ಬ್ಲಾಕ್ ಇದ್ದರೆ ಒಳ್ಳೆಯದು. ಶೀಟಿನ ಪೈಪಿಗೆ ಕಟ್ಟಬೇಡಿ. ಡ್ರೈವ್ ಕೈಯೊತ್ತಿಗೆ ಕೂತ ಮೇಲೆ 6 ನಟ್ಟುಗಳನ್ನು ಎದುರುಬದುರಾಗಿ, ಮೂರು ಹಂತದಲ್ಲಿ ಬಿಗಿ ಮಾಡಿ. ಕೊನೆಯ ಬಿಗಿ 68 ನ್ಯೂಟನ್ ಮೀಟರ್. ನಮ್ಮ ಕಡೆಯ ಗ್ಯಾರೇಜಿನ ಲೆಕ್ಕದಲ್ಲಿ ಹತ್ತಿರಹತ್ತಿರ 7 ಕೆಜಿ ಮೀಟರ್. ನಟ್ಟಿನ ತಲೆ 5/8 ಇಂಚು. 16 ಎಂಎಂ ಪಾನಾ ಹಿಡಿಯುತ್ತದೆ ನಿಜ, ಆದರೆ ಒಂದು ಕೂದಲು ಸಡಿಲ, ಹಳೆ ನಟ್ಟಾದರೆ ಮೂಲೆ ತಿಂದುಹಾಕುತ್ತದೆ. ಟಾರ್ಕ್ ವ್ರೆಂಚ್ ಇಲ್ಲದಿದ್ದರೆ ಟ್ರಾಕ್ಟರ್ ವರ್ಕ್‌ಶಾಪಿನಿಂದ ಒಂದು ದಿನಕ್ಕೆ ಕೇಳಿ ತನ್ನಿ.

ಸದ್ದು

ನೀರಿನಿಂದ ಹೊರಗೆ ಎಂಜಿನ್ ಓಡಿಸಿ ಕೇಳಬೇಕಾದ್ದರಿಂದ ಮೊದಲು ನೀರಿನ ವ್ಯವಸ್ಥೆ. ಡ್ರೈವ್‌ನ ಎರಡು ಬದಿಯ ಜಾಲರಿಗೆ ಫ್ಲಶ್ ಮಫ್ (ಜಾಲರಿಯ ಮೇಲೆ ಕೂತು ಹೋಸಿನ ನೀರು ಒಳಗೆ ಕೊಡುವ ರಬ್ಬರ್ ಬಟ್ಟಲು) ಹಾಕಿ, ಮುಕ್ಕಾಲು ಇಂಚಿನ ಹೋಸ್ ಕೊಡಿ. ಮನೆಯ ಓವರ್‌ಹೆಡ್ ಟ್ಯಾಂಕಿನಿಂದ ಬರುವ ನೀರು ಸಾಲುವುದಿಲ್ಲ: ಟ್ಯಾಂಕು 3 ಮೀಟರ್ ಎತ್ತರದಲ್ಲಿದ್ದರೆ ಒತ್ತಡ 0.3 ಬಾರ್ ಅಷ್ಟೇ. ಸಂಪಿಗೆ ಅರ್ಧ ಎಚ್‌ಪಿ ಮೋಟರ್ ಇಟ್ಟು ನೇರ ಕೊಡಿ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಬೋರ್‌ವೆಲ್ ನೀರು ಗಡಸು, ಬಿಸಿ ಎಂಜಿನ್ನಿನೊಳಗೆ ಸುಣ್ಣ ಕಟ್ಟುತ್ತದೆ. ಮಳೆನೀರಿನ ಸಂಪು ಇದ್ದರೆ ಅದೇ ವಾಸಿ. ಪ್ರೊಪೆಲ್ಲರ್ ಬಿಚ್ಚಿಡಿ, 1500 ಆರ್‌ಪಿಎಂ ದಾಟಿಸಬೇಡಿ, ಶೆಡ್ಡಿನ ಬಾಗಿಲು ಪೂರ್ತಿ ತೆರೆದಿಡಿ. ಹೊಗೆಯ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇರುವುದಿಲ್ಲ.

ನ್ಯೂಟ್ರಲ್ ಐಡಲ್‌ನಲ್ಲಿ ಗುರ್ ಎನ್ನುವ ಒರಟು ಸದ್ದು ಇದೆಯೇ? ಸ್ಟಿಯರಿಂಗನ್ನು ನಿಧಾನಕ್ಕೆ ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ. ಸದ್ದು ಎರಡೂ ಕಡೆ ಹೆಚ್ಚುಕಡಿಮೆ ಆಗುತ್ತಿದ್ದರೆ ಗಿಂಬಲ್ ಬೇರಿಂಗ್ ಅಥವಾ ಯು-ಜಾಯಿಂಟ್. ಬೇರೆ ಮಾಡುವುದು ಹೀಗೆ: ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ಗಿಂಬಲ್ ಹೌಸಿಂಗ್‌ನ ಬಲಬದಿಯ ಗ್ರೀಸ್ ನಿಪ್ಪಲ್ ಹತ್ತಿರ ಇಟ್ಟು, ಹಿಡಿಗೆ ಕಿವಿ ಕೊಡಿ. ಅಲ್ಲಿ ಎಡೆಬಿಡದ ಗುರುಗುಟ್ಟು ಕೇಳಿದರೆ ಬೇರಿಂಗ್. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಮಾತ್ರ ಟಕ್ ಟಕ್ ಎಂದು ತಾಳ ಹಿಡಿದಂತೆ ಬಂದರೆ ಕ್ರಾಸ್. ಸ್ಟಿಯರಿಂಗಿಗೂ ಸದ್ದಿಗೂ ಸಂಬಂಧವೇ ಇಲ್ಲ ಎಂದಾದರೆ ಸ್ಕ್ರೂಡ್ರೈವರನ್ನು ಡ್ರೈವ್‌ನ ಮೇಲಿನ ಮುಚ್ಚಳಕ್ಕೆ ಇಟ್ಟು ಮೇಲಿನ ಗೇರ್ ಕೇಳಿ.

ಹೊಸ ಬೇರಿಂಗ್ ಹಾಕಿಯೂ ಸದ್ದು ಬಂದರೆ ಎರಡು ಕಾರಣ. ಒಂದು ಅಲೈನ್‌ಮೆಂಟ್. ಇನ್ನೊಂದು, ಬೇರಿಂಗನ್ನು ಗೂಡಿನಲ್ಲಿ ಬಿಗಿಯಾಗಿ ಹಿಡಿಯುವ ಸುತ್ತಲಿನ ಬಳೆಯ, ಅಂದರೆ ಟಾಲರೆನ್ಸ್ ರಿಂಗಿನ ಬಾಯಿ ಮತ್ತು ಬೇರಿಂಗ್‌ನ ಗ್ರೀಸ್ ತೂತು ಒಂದೇ ಸಾಲಿನಲ್ಲಿಲ್ಲದಿರುವುದು. ಆಗ ನಿಪ್ಪಲ್‌ನಿಂದ ಎಷ್ಟು ಗ್ರೀಸ್ ಹೊಡೆದರೂ ಒಳಗೆ ಹೋಗುವುದಿಲ್ಲ. ಇನ್ನು ಬೇರಿಂಗ್ ಅಂಗಡಿಯಲ್ಲಿ ಇದೇ ಗಾತ್ರದ್ದೆಂದು ಕೊಡುವ ಪಿಲ್ಲೋ ಬ್ಲಾಕ್ ಬೇರಿಂಗ್: ಹೊರ ಸುತ್ತು ನೋಡಲು ಒಂದೇ, ಕೆಲಸ ಒಂದೇ ಅಲ್ಲ. ಅದರ ಒಳ ಸುತ್ತನ್ನು ಶಾಫ್ಟಿಗೆ ಸ್ಕ್ರೂನಿಂದ ಕಚ್ಚಿಸಬೇಕು. ಇಲ್ಲಿ ಶಾಫ್ಟ್ ಜಾರಿ ಒಳಹೋಗಬೇಕು.

ಎಂಜಿನ್ ಏರುತ್ತದೆ, ದೋಣಿ ಕದಲುವುದಿಲ್ಲ

ಮೂವರು ಆರೋಪಿಗಳು: ಪ್ರೊಪೆಲ್ಲರ್‌ನ ರಬ್ಬರ್ ಹಬ್, ಎಂಜಿನ್ ಕಪ್ಲರ್, ಗೇರಿಗೆ ಬೀಳದ ಶಿಫ್ಟ್.

ಹಬ್ ಪರೀಕ್ಷೆ ಸುಲಭ. ಪ್ರೊಪೆಲ್ಲರ್‌ನ ಒಳ ಬುಷ್ಷಿನಿಂದ ಹೊರ ಭಾಗಕ್ಕೆ ಅಡ್ಡಲಾಗಿ ಪೇಂಟ್ ಗೆರೆ ಎಳೆದು ಒಂದು ಸುತ್ತು ಹೋಗಿ ಬನ್ನಿ. ಗೆರೆ ತುಂಡಾಗಿ ಎರಡು ಕಡೆ ಕಂಡರೆ ಹಬ್ ಜಾರಿದೆ.

ಕಪ್ಲರ್ ನೋಡಲು ಮೊದಲು ಬ್ಯಾಟರಿ ವೈರ್ ತೆಗೆಯಿರಿ. ಫಾರ್ವರ್ಡ್‌ಗೆ ಹಾಕಿ ಪ್ರೊಪೆಲ್ಲರನ್ನು ಹಿಂದಿನಿಂದ ನೋಡಿ ಎಡಕ್ಕೆ, ಅಂದರೆ ಗಡಿಯಾರಕ್ಕೆ ಎದುರಾಗಿ, ತಿರುಗಿಸಿ. ಹಿಡಿದು ನಿಲ್ಲಬೇಕು. ಜೋರು ಹಾಕಿದರೆ ಎಂಜಿನ್ನಿನ ಮುಂದಿನ ಪುಲ್ಲಿ ಕದಲಬೇಕು. ಬಲಕ್ಕೆ ತಿರುಗಿಸಿದರೆ ಕಟಕಟ ಎಂದು ಹಾರಿಕೊಂಡು ತಿರುಗುವುದು ಸಹಜ, ಅದನ್ನು ದೋಷವೆಂದು ತಿಳಿಯಬೇಡಿ. ಎಡಕ್ಕೆ ಹಿಡಿದಂತೆ ಆಗಿ, ಪುಲ್ಲಿ ಅಲ್ಲಾಡದೆ ಪ್ರೊಪೆಲ್ಲರ್ ತಿರುಗಿಹೋದರೆ ಕಪ್ಲರ್ ಹಲ್ಲು ಸವೆದಿದೆ ಇಲ್ಲವೇ ಅದರ ರಬ್ಬರ್ ಕಿತ್ತಿದೆ. ರಬ್ಬರ್ ಸುಟ್ಟ ವಾಸನೆ, ಎಂಜಿನ್ ಹಿಂಭಾಗದಲ್ಲಿ ಕಪ್ಪು ಪುಡಿ ಇದ್ದರೆ ಅನುಮಾನವೇ ಬೇಡ. ಕಪ್ಲರ್ ಬದಲಿಸಲು ಎಂಜಿನ್ ಎತ್ತಬೇಕು. ಅಲೈನ್‌ಮೆಂಟ್ ಬಿಟ್ಟವರು ತೆರುವ ದಂಡ ಇದು. ಜೊತೆಗೆ ಶಾಫ್ಟಿನ ಹಲ್ಲನ್ನೂ ಉಗುರು ಎಳೆದು ನೋಡಿ. ಹಲ್ಲಿನ ಬದಿಯಲ್ಲಿ ಮೆಟ್ಟಿಲು ಬಿದ್ದಿದ್ದರೆ ಹೊಸ ಕಪ್ಲರನ್ನೂ ತಿನ್ನುತ್ತದೆ.

ಎಡಕ್ಕೂ ಬಲಕ್ಕೂ ಪ್ರೊಪೆಲ್ಲರ್ ಸಲೀಸಾಗಿ ತಿರುಗಿದರೆ ಡ್ರೈವ್ ನ್ಯೂಟ್ರಲ್‌ನಲ್ಲೇ ಇದೆ. ಶಿಫ್ಟ್ ದವಡೆಗೆ ಡ್ರೈವ್‌ನ ತುದಿ ಸಿಕ್ಕಿಲ್ಲ. ಡ್ರೈವ್ ಮತ್ತೆ ಇಳಿಸದೆ ಬೇರೆ ದಾರಿಯಿಲ್ಲ.

ಗೇರ್ ಬದಲಿಸಿದರೆ ಎಂಜಿನ್ ಆಫ್

ಡಾಗ್ ಕ್ಲಚ್ ಒತ್ತಡದಲ್ಲಿರುವಾಗ ಗೇರಿನಿಂದ ಹೊರಬರುವುದಿಲ್ಲ. ಅದಕ್ಕಾಗಿ ಆಲ್ಫಾದಲ್ಲಿ ಒಂದು ಇಂಟರಪ್ಟರ್ ಸ್ವಿಚ್ ಇದೆ. ಕೇಬಲ್ ಮೇಲೆ ಭಾರ ಬಿದ್ದರೆ ಅದು ಕ್ಷಣಮಾತ್ರ ಇಗ್ನಿಷನ್ ಕಡಿದು ಒತ್ತಡ ಇಳಿಸುತ್ತದೆ. ಎಂಜಿನ್ ಒಮ್ಮೆ ತೊದಲಿ ಮುಂದುವರಿಯಬೇಕು. ಪೂರ್ತಿ ನಿಂತುಹೋದರೆ ಕೇಬಲ್ ಬಿಗಿಯಾಗಿದೆ. ಎಂಜಿನ್ ಮೇಲಿನ ಶಿಫ್ಟ್ ಪ್ಲೇಟ್ ನೋಡಿ: ನ್ಯೂಟ್ರಲ್‌ನಲ್ಲಿ ಸ್ವಿಚ್ಚಿನ ರೋಲರ್ ವಿ ಆಕಾರದ ಕಚ್ಚಿನ ನಡುವೆ ನಿಂತಿರಬೇಕು. ಒಂದು ಬದಿಗೆ ಏರಿ ಕೂತಿದ್ದರೆ ಅಲ್ಲೇ ಉತ್ತರ ಇದೆ.

ಡ್ರೈವ್ ಕಡೆಯ ಕೇಬಲ್ ತುದಿಯನ್ನು ಪ್ಲೇಟಿನಿಂದ ಕಳಚಿ ಕೈಯಿಂದ ಎಳೆದು ತಳ್ಳಿ. ಒರಟಾಗಿ, ತಡೆತಡೆದು ಸರಿದರೆ ಕೇಬಲ್ ಬದಲಿಸಿ, ಎಣ್ಣೆ ಬಿಟ್ಟರೆ ಒಂದು ವಾರ ನಡೆದೀತು ಅಷ್ಟೇ. ಶಿಫ್ಟ್ ಬೆಲ್ಲೋಸ್ ಹೊಸದು ಹಾಕಿದ ಮೇಲೆ ಈ ದೋಷ ಬಂದಿದ್ದರೆ ಕೇಬಲ್ ಬೆಲ್ಲೋಸ್ ಒಳಗೆ ತಿರುಚಿಕೊಂಡಿರುವ ಸಾಧ್ಯತೆ ಹೆಚ್ಚು. ಸ್ವಿಚ್ಚಿನ ವೈರ್ ಕಿತ್ತು ಸಮಸ್ಯೆ ಮುಗಿಸುವ ಉಪಾಯ ಬೇಡ: ಎಂಜಿನ್ ನಿಲ್ಲದಿರಬಹುದು, ಆದರೆ ದಡಕ್ಕೆ ಬರುವಾಗ ಗೇರ್ ಬಿಡದೆ ದೋಣಿ ಮುಂದೆಯೇ ಹೋಗುತ್ತದೆ. ಬ್ರಾವೋದಲ್ಲಿ ಹಲ್ಲಿಲ್ಲದೆ ಉಜ್ಜಿ ಹಿಡಿಯುವ ಕೋನ್ ಕ್ಲಚ್ ಇರುವುದರಿಂದ ಈ ಸ್ವಿಚ್ಚೇ ಇಲ್ಲ.

ಎಂಜಿನ್ ಬಿಸಿ

ಆಲ್ಫಾದ ನೀರಿನ ಪಂಪು ಡ್ರೈವ್ ಒಳಗೇ, ಕೆಳಗಿನ ಭಾಗದ ಮೇಲ್ತುದಿಯಲ್ಲಿದೆ. ಬ್ರಾವೋದಲ್ಲಿ ಎಂಜಿನ್ ಮೇಲೆ. ಆದ್ದರಿಂದ ಆಲ್ಫಾದಲ್ಲಿ ಡ್ರೈವ್ ಕೆಲಸದ ನಂತರ ಎಂಜಿನ್ ಕಾದರೆ ಥರ್ಮೋಸ್ಟಾಟ್ ಬಿಚ್ಚುವ ಮೊದಲು ಡ್ರೈವ್‌ನಿಂದ ಎಂಜಿನ್ನಿಗೆ ಬರುವ ದಪ್ಪ ಹೋಸ್ ಕಳಚಿ, ಬಕೆಟಿಗೆ ಹಿಡಿದು, ಮಫ್ ನೀರಿನಲ್ಲಿ ಅರ್ಧ ನಿಮಿಷ ಐಡಲ್ ಮಾಡಿ. ಎಂಜಿನ್ ವೇಗ ಸ್ವಲ್ಪ ಏರಿಸಿದರೆ ಹರಿವೂ ಏರಬೇಕು. ಏರಿದರೆ ಡ್ರೈವ್ ನಿರಪರಾಧಿ. ಏರದಿದ್ದರೆ ಮಫ್ ಜಾರಿದೆ, ಇಲ್ಲವೇ ಬೆಲ್ ಹೌಸಿಂಗ್‌ನ ನೀರಿನ ಸೀಲ್ ಮಡಿಚಿದೆ, ಇಲ್ಲವೇ ಇಂಪೆಲ್ಲರ್ (ನೀರಿನ ಪಂಪಿನ ರೆಕ್ಕೆಯ ರಬ್ಬರ್ ಚಕ್ರ) ಸತ್ತಿದೆ. ಮೇಲಿನ ಮತ್ತು ಕೆಳಗಿನ ಭಾಗಗಳನ್ನು ಬೇರೆ ಮಾಡಿ ಜೋಡಿಸಿದ್ದರೆ ನೀರಿನ ಕೊಳವೆಯ ರಬ್ಬರ್ ಸೀಲ್ ಜಾಗ ತಪ್ಪಿರುವುದೂ ಉಂಟು.

ಸ್ಟಾರ್ಟ್ ಆಗುತ್ತದೋ ನೋಡೋಣ ಎಂದು ನೀರಿಲ್ಲದೆ ಒಂದು ಸಲ ಕೀ ತಿರುಗಿಸಿದರೂ ರಬ್ಬರ್ ಇಂಪೆಲ್ಲರ್ ಸುಡಬಹುದು. ಮುರಿದ ರೆಕ್ಕೆಯ ಚೂರುಗಳನ್ನು ಎಣಿಸಿ ಹೊರತೆಗೆಯಿರಿ. ಸಿಗದ ಚೂರು ಮುಂದೆ ಎಲ್ಲೋ ಸಿಕ್ಕಿಕೊಂಡಿರುತ್ತದೆ. ಕೋಲಾರದ ಕಡೆ ಸಂಸ್ಕರಿಸಿದ ನೀರು ತುಂಬಿದ ಕೆರೆಗಳಲ್ಲಿ ಅಂತರಗಂಗೆ ಗಿಡ ದಟ್ಟವಾಗಿ ಬೆಳೆಯುತ್ತದೆ. ಶೆಡ್ಡಿನಲ್ಲಿ ಸರಿ ಇದ್ದು ನೀರಿನಲ್ಲಿ ಮಾತ್ರ ಕಾದರೆ ಮೊದಲು ಜಾಲರಿ ನೋಡಿ.

ಆಯಿಲ್

ಮಾನಿಟರ್ ಬಾಟಲಿ (ಡ್ರೈವ್ ಆಯಿಲ್ ಮಟ್ಟ ತೋರಿಸುವ, ದೋಣಿಯೊಳಗಿನ ಬಾಟಲಿ) ಸೇರಿ ಆಲ್ಫಾ ಎರಡನೇ ತಲೆಮಾರಿಗೆ ಸುಮಾರು 1.9 ಲೀಟರ್, ಬ್ರಾವೋ ಒನ್‌ಗೆ 2.6 ಲೀಟರ್. ಡ್ರೈವ್‌ಗೆಂದೇ ತಯಾರಾದ ಗೇರ್ ಆಯಿಲ್ಲೇ ಬೇಕು. ಕೆಳಗಿನ ತೂತಿನಿಂದ ಪಂಪಿನಲ್ಲಿ ಮೇಲಕ್ಕೆ ತುಂಬಿ, ಮೇಲಿನ ತೂತಿನಲ್ಲಿ ಗುಳ್ಳೆಯಿಲ್ಲದೆ ಆಯಿಲ್ ಬಂದ ಮೇಲೆ ಮೇಲಿನ ಪ್ಲಗ್ ಮುಚ್ಚಿ, ಆಮೇಲೆ ಪಂಪ್ ತೆಗೆದು ಕೆಳಗಿನದು ಮುಚ್ಚಿ. ಮೇಲಿನಿಂದ ಸುರಿದರೆ ಗಾಳಿ ಸಿಕ್ಕಿಕೊಂಡು, ತುಂಬಿತೆಂದು ಕಂಡರೂ ಮೇಲಿನ ಬೇರಿಂಗ್ ಒಣಗಿರುತ್ತದೆ. ಪ್ಲಗ್ ವಾಷರ್ ಪ್ರತಿ ಸಲ ಹೊಸದು.

ಬಾಟಲಿಯಲ್ಲಿ ಮಟ್ಟ ಮೊದಲ ಓಟದಲ್ಲಿ ಸ್ವಲ್ಪ ಇಳಿಯುವುದು ಸಹಜ, ಉಳಿದ ಗಾಳಿ ಹೊರಬರುತ್ತದೆ. ಇಳಿಯುತ್ತಲೇ ಹೋದರೆ ಸೋರಿಕೆ. ಆಯಿಲ್ ಮಜ್ಜಿಗೆಯಂತೆ ಬೆಳ್ಳಗಾದರೆ ನೀರು ಸೇರಿದೆ, ಅಂಥ ಆಯಿಲ್‌ನಲ್ಲಿ ಒಂದು ಗಂಟೆಯೂ ಓಡಿಸಬೇಡಿ. ಹುಡುಕಲು ಆಯಿಲ್ ಇಳಿಸಿ, ಒಂದು ತೂತಿಗೆ ಗೇಜ್ ಇರುವ ಸೈಕಲ್ ಪಂಪ್ ಕಟ್ಟಿ 10 ಪಿಎಸ್‌ಐ ಗಾಳಿ ತುಂಬಿ. ಮುಳ್ಳು 5 ನಿಮಿಷ ಅಲ್ಲಾಡಬಾರದು. ಇಳಿದರೆ ಸೋಪಿನ ನೀರು ಸವರುತ್ತಾ ಬನ್ನಿ. ಗಾಳಿ ತುಂಬಿಟ್ಟೇ ಪ್ರೊಪೆಲ್ಲರ್ ಶಾಫ್ಟನ್ನು ನಿಧಾನಕ್ಕೆ ತಿರುಗಿಸಿ, ಕೆಲವು ಸೀಲ್ ನಿಂತಾಗ ಹಿಡಿದು ತಿರುಗುವಾಗ ಬಿಡುತ್ತವೆ.

ನಮ್ಮ ಕೆರೆಗಳಲ್ಲಿ ಪ್ರೊಪೆಲ್ಲರ್ ಶಾಫ್ಟ್ ಸೀಲ್ ಹಾಳಾಗಲು ದೊಡ್ಡ ಕಾರಣ ಮೀನುಬಲೆಯ ನೈಲಾನ್ ದಾರ. ಪ್ರೊಪೆಲ್ಲರ್ ಹಿಂದೆ ಸುತ್ತಿಕೊಂಡು ಕಾದು ಸೀಲ್ ತುಟಿ ಕತ್ತರಿಸುತ್ತದೆ. ಪ್ರೊಪೆಲ್ಲರ್ ಬಿಚ್ಚಿದಾಗಲೆಲ್ಲ ಆ ಸಂದು ನೋಡಿ. ತಿರುಗಿ ಹಾಕುವಾಗ ನಟ್ಟು 75 ನ್ಯೂಟನ್ ಮೀಟರ್, ಆಮೇಲೆ ಲಾಕ್ ವಾಷರ್‌ನ ಕಿವಿ ಮಡಿಸಿ.

ದೋಣಿಯೊಳಗೆ ನೀರು

ಉಳಿದ ದೋಷಗಳು ಖರ್ಚಿನವು, ಇದು ಮುಳುಗಿಸುವಂಥದ್ದು. ಯು-ಜಾಯಿಂಟ್ ಬೆಲ್ಲೋಸ್ ಮತ್ತು ಶಿಫ್ಟ್ ಕೇಬಲ್ ಬೆಲ್ಲೋಸ್, ಇವೆರಡೂ ನೀರಿನ ಮಟ್ಟಕ್ಕಿಂತ ಕೆಳಗಿವೆ, ಸೋರಿದರೆ ನೀರು ನೇರ ದೋಣಿಗೆ. ಎಕ್ಸಾಸ್ಟ್ ಬೆಲ್ಲೋಸ್ ಹರಿದರೆ ಸದ್ದು ಹೆಚ್ಚುತ್ತದೆ, ದೋಣಿಗೆ ನೀರು ಬರುವುದಿಲ್ಲ. ಯಾವುದನ್ನು ಮೊದಲು ನೋಡಬೇಕೆಂದು ಇದರಿಂದಲೇ ತಿಳಿಯುತ್ತದೆ.

ಹೊಸ ಬೆಲ್ಲೋಸ್ ಸೋರಿದರೆ ಸಾಮಾನ್ಯವಾಗಿ ತಪ್ಪು ಕೂರುವ ತುಟಿಯಲ್ಲಿ. ಲೋಹದ ಮುಖದ ಮೇಲೆ ಹಳೆ ಅಂಟು, ಬಿಳಿ ಪುಡಿ ಇರಬಾರದು, ಗ್ರೀಸ್ ತಾಗಿರಲೇಬಾರದು. ಬೆಲ್ಲೋಸ್ ಅಂಟು ಹಚ್ಚಿ ಕೈಗೆ ಜಿಗುಟಾಗುವವರೆಗೆ ಕಾದು ಕೂರಿಸಿ. ಬೇಸಿಗೆ ಮಧ್ಯಾಹ್ನ ಶೀಟಿನ ಶೆಡ್ಡಿನಲ್ಲಿ ಅಂಟು ಬೇಗ ಒಣಗುವುದರಿಂದ ಈ ಕೆಲಸ ಬೆಳಗ್ಗೆ ಮಾಡುವುದು ಮೇಲು. ಕ್ಲಾಂಪಿನ ಸ್ಕ್ರೂ ತಲೆ ಡ್ರೈವ್ ತಿರುಗಿದಾಗ ಯಾವುದಕ್ಕೂ ತಾಗದ ಕಡೆ ಇರಲಿ. ಬಳಸದೆ ನಿಲ್ಲಿಸಿದ ದೋಣಿಯ ಬೆಲ್ಲೋಸನ್ನು ಮಡಿಕೆ ಬಿಡಿಸಿ ನೋಡಿ. ಬಿರುಕು ಇರುವುದು ಮಡಿಕೆಯ ತಳದಲ್ಲಿ. ಇಲಿ, ಅಳಿಲು ಕಡಿದ ತೂತೂ ಅಲ್ಲೇ ಸಿಕ್ಕೀತು.

ಡ್ರೈವ್ ಇಳಿಸಿದಾಗ ಬೆಲ್ಲೋಸ್ ಒಳಗೆ ತುಕ್ಕಿನ ಕೆಂಪು ನೀರಿದ್ದರೆ ಬೆಲ್ಲೋಸ್ ಸೋರಿದೆ, ಬೇರಿಂಗೂ ಹೋಗಿದೆ. ಗೇರ್ ಆಯಿಲ್ ಇದ್ದರೆ ಬೆಲ್ಲೋಸ್ ಸರಿ ಇದೆ, ಡ್ರೈವ್‌ನ ಇನ್‌ಪುಟ್ ಸೀಲ್ ಹೋಗಿದೆ.

ಟ್ರಿಮ್ ಜರ್ಕ್ ಹೊಡೆಯುತ್ತದೆ

ಟ್ರಿಮ್ ಎಂದರೆ ಡ್ರೈವನ್ನು ಏರಿಸಿ ಇಳಿಸುವ ಹೈಡ್ರಾಲಿಕ್ ವ್ಯವಸ್ಥೆ. ಜರ್ಕಿಗೆ ಕಾರಣ ಅದರ ಸಿಲಿಂಡರಿನಲ್ಲಿ ಗಾಳಿ. ಡ್ರೈವ್ ಪೂರ್ತಿ ಕೆಳಗಿಳಿಸಿ ಪಂಪಿನ ಮಟ್ಟ ನೋಡಿ, 10ಡಬ್ಲ್ಯೂ-30 ಎಂಜಿನ್ ಆಯಿಲ್ ನಡೆಯುತ್ತದೆ. ಆರೇಳು ಸಲ ಮೇಲೆ ಕೆಳಗೆ ಮಾಡಿದರೆ ಗಾಳಿ ತಾನೇ ಹೋಗುತ್ತದೆ. ಹೋಗದಿದ್ದರೆ ಹೋಸ್ ಜಾಯಿಂಟ್ ಒದ್ದೆಯಿದೆಯೇ ನೋಡಿ. ಮೇಲೆತ್ತಿದ ಡ್ರೈವ್ ಕೆಳಗೆ ಕೈ ಹಾಕುವ ಮೊದಲು ಮರದ ಆಸರೆ ಕೊಡಿ.

ನೀರಿಗಿಳಿಸುವಾಗ

ಮಾರ್ಕೋನಹಳ್ಳಿಯಂಥ ಜಲಾಶಯದಲ್ಲಿ ಇಳಿಸಲು ಜಲಾಶಯ ನೋಡಿಕೊಳ್ಳುವ ಇಲಾಖೆಯ ಅನುಮತಿ ಮೊದಲೇ ಪಡೆದಿರಬೇಕು. ಬುಗುಡನಹಳ್ಳಿ ಕೆರೆ ತುಮಕೂರಿಗೆ, ಜಕ್ಕಲಮಡುಗು ಚಿಕ್ಕಬಳ್ಳಾಪುರಕ್ಕೆ ಕುಡಿಯುವ ನೀರು ಕೊಡುವಂಥವು. ಆಯಿಲ್ ಸೀಲ್ ಪರೀಕ್ಷೆಗೆ ಅಂಥ ಜಾಗದ ಯೋಚನೆಯೇ ಬೇಡ. ಸಿಹಿನೀರಿಗೆ ಆನೋಡ್ (ಡ್ರೈವ್ ಬದಲು ತಾನು ಸವೆಯುವ ಲೋಹದ ತುಂಡು) ಮೆಗ್ನೀಸಿಯಂ ಅಥವಾ ಅಲ್ಯೂಮಿನಿಯಂದು ಇರಲಿ. ಕರಾವಳಿಯಿಂದ ಬಂದ ಹಳೆ ದೋಣಿಯಲ್ಲಿ ಸತುವಿನದು ಇರಬಹುದು, ಸಿಹಿನೀರಿನಲ್ಲಿ ಅದರ ಮೇಲೆ ಪದರ ಕಟ್ಟಿ ಕೆಲಸ ನಿಲ್ಲುತ್ತದೆ.

ದೋಣಿ ತೇಲಿದರೂ ಟ್ರೇಲರ್ ಕೊಕ್ಕೆ ಬಿಡಬೇಡಿ. ಎಂಜಿನ್ ಹ್ಯಾಚ್ ತೆರೆದು ಟಾರ್ಚ್ ಹಾಕಿ 10 ನಿಮಿಷ ಟ್ರಾನ್ಸಮ್ ಒಳಬದಿ ನೋಡುತ್ತಿರಿ. ಆ ಹೊತ್ತಿನಲ್ಲಿ ಸ್ಟಿಯರಿಂಗನ್ನು ಎರಡೂ ತುದಿಗೆ ತಿರುಗಿಸಿ, ಟ್ರಿಮ್ ಏರಿಸಿ ಇಳಿಸಿ. ಬೆಲ್ಲೋಸ್ ಹಿಗ್ಗಿದಾಗಲೇ ಸೋರುವುದು. ಒಣಗಿದ್ದರೆ ದಡದ ಹತ್ತಿರವೇ ಅರ್ಧ ಗಂಟೆ ಓಡಿಸಿ, ಮೇಲೆತ್ತಿ, ಡ್ರೈವ್ ತಣಿದ ಮೇಲೆ 6 ನಟ್ಟುಗಳನ್ನು ಮತ್ತೆ 68ಕ್ಕೆ ನೋಡಿ, ಬಾಟಲಿಯ ಮಟ್ಟಕ್ಕೆ ಪೆನ್ನಿನಿಂದ ಗೆರೆ ಹಾಕಿಡಿ. ಕೆಳಗಿನ ಪ್ಲಗ್ ಅರ್ಧ ಸುತ್ತು ಸಡಿಲಿಸಿ ನಾಲ್ಕು ಹನಿ ಆಯಿಲ್ ಬಿಳಿ ಬಟ್ಟೆಗೆ ಹಿಡಿಯಿರಿ. ನೀರು ಸೇರಿದ್ದರೆ ಭಾರಕ್ಕೆ ತಳದಲ್ಲೇ ನಿಂತಿರುತ್ತದೆ, ಮೊದಲು ಬರುವುದು ಅದೇ.